ಇಳಿಸಿಟ್ಟ ಇಂಜಿನ್ನು

ಅಂಡಗಿಯ ಪಾರ್ವತವ್ವ ಹನ್ನೊಂದರ ಬಸ್ಸಿಗೆ ಬರುತ್ತಾಳೆ ಎಂದು ಅವಳ ಮಗ ರವೀಂದ್ರ ಫೋನು ಮಾಡಿ ಹೇಳಿದಾಗಿನಿಂದ ಸ್ಫೂರ್ತಿ ಕಾರಿನ ಹಿಂಬಾಗಿಲಿನ ಒಂದೇ ಜಾಗವನ್ನು ಉಜ್ಜುತ್ತ ಕೂತಿದ್ದಳು. ಅಂಗೈಯಗಲದ ಜಾಗ. ತುಕ್ಕು ಯಾವಾಗಲೋ ಹೋಗಿ ಒಳಗಿನ ತಗಡು ಬೆಳ್ಳಗೆ ಹೊಳೆಯತೊಡಗಿದ್ದರೂ ಕೈ ನಿಲ್ಲಲಿಲ್ಲ. ನೀರಿಗದ್ದಿ ಉಜ್ಜುವ ಕಪ್ಪು ಕಾಗದ ಸವೆದು ಬಟ್ಟೆಯಂತಾಗಿತ್ತು. ಬೆರಳ ತುದಿಗಳು ಒದ್ದೆಯಲ್ಲಿ ನೆನೆದು ಬಾಣಂತಿಯ ಬೆರಳುಗಳ ಹಾಗೆ ಬಿಳಿಚಿಕೊಂಡಿದ್ದವು. ‘ಅಕ್ಕಾರೇ, ಹಂಗೇ ತಿಕ್ತಾ ಕೂತ್ರೆ ತೂತು ಬಿದ್ದು ಆಚೆ ಬದಿಯಿಂದ ಬನವಾಸಿ ಕಾಣಸ್ತದೆ ನೋಡಿ’ ಎಂದ ಉಲ್ಲಾಸ. ಸಿದ್ದಾಪುರದ ಕಡೆಯವನು, ಐವತ್ತು ದಾಟಿದ ಮೆಕ್ಯಾನಿಕ್ಕು, ಹಿಂದಿನ ಚಕ್ರಗಳನ್ನು ತಿರುಗಿ ಕೂಡಿಸುತ್ತಿದ್ದ. ಬ್ರೇಕಿನ ಸಾಮಾನೆಲ್ಲ ಬಿಚ್ಚಿ ಸೀಮೆಎಣ್ಣೆಯ ಬೋಗುಣಿಯಲ್ಲಿ ಮುಳುಗಿಸಿಟ್ಟು ಮೂರು ದಿನವಾಗಿತ್ತು. ಅದರ ರಬ್ಬರುಗಳು ಹುಬ್ಬಳ್ಳಿಯಿಂದ ಇನ್ನೂ ಬಂದಿರಲಿಲ್ಲ. ಆದರೂ ವಯಸ್ಸಾದವರು ಹತ್ತಿ ಕೂರುತ್ತಾರೆಂದರೆ ಗಾಡಿ ಕಲ್ಲಿನ ಮೇಲಿರುವುದು ಬೇಡ, ನಾಲ್ಕು ಕಾಲಿನ ಮೇಲೇ ನಿಂತಿರಲಿ ಎಂದು ಅವನೇ ಹೇಳಿದ್ದ.

‘ಅವ್ವ ಹಟಾ ಹಿಡದಾಳ್ರಿ. ಶಂಕ್ರಪ್ಪನ ಗಾಡಿ ಎದ್ದು ಕುಂತೈತಂತ, ನೋಡೇ ಬರ್ತೇನಿ ಅಂತಾಳ. ಮನ್ಯಾಗ ಇರ್ತೀರಲ್ರಿ?’ ರವೀಂದ್ರ ಕೇಳಿದ್ದು ಇಷ್ಟೆ. ‘ಇಲ್ರಿ, ನಾನು ಹಾವೇರಿಗೆ ಹೊಂಟೇನಿ, ತಂಗಿ ಬಾಣಂತನಕ್ಕ ಅವ್ವ ಅಲ್ಲೇ ಅದಾಳ’ ಎಂಬ ಮಾತು ಬಾಯಲ್ಲಿ ಹೊಂದಿಸಿಟ್ಟ ಎಲೆಯಡಿಕೆಯ ಹಾಗೆ ಸಿದ್ಧವಾಗಿತ್ತು. ಅವ್ವ ಹಾವೇರಿಯಲ್ಲಿದ್ದದ್ದು ನಿಜ, ಹಾಗಾಗಿ ಅರ್ಧ ಸುಳ್ಳು. ಆ ಸಿದ್ಧತೆಯನ್ನು ನೋಡಿಯೇ ಅವಳಿಗೆ ಮೈ ಬಿಸಿಯಾಯಿತು. ಇಪ್ಪತ್ತೆರಡು ವರ್ಷವಾದರೂ ಈ ನಾಲಗೆ ಕೆಲಸ ಮರೆತಿಲ್ಲವಲ್ಲ. ‘ಇರ್ತೇನ್ರಿ, ಬರಾಕ ಹೇಳ್ರಿ’ ಎಂದು ಫೋನಿಟ್ಟಳು. ಇಟ್ಟ ಮೇಲೂ ಅಂಗೈ ಫೋನಿನ ಮೇಲೆಯೇ ಇತ್ತು, ಏನನ್ನೋ ಅದುಮಿ ಹಿಡಿದ ಹಾಗೆ.

ಶಿರಸಿಯಲ್ಲಿ ಈಗ ಎಲ್ಲರಿಗೂ ಈ ಕಾರಿನ ಸುದ್ದಿ ಗೊತ್ತು. ಅಪ್ಪ ಶಂಕ್ರಪ್ಪನ ಹಳೆಯ ಟ್ಯಾಕ್ಸಿ ಫಿಯೆಟ್ಟು, ಹಿತ್ತಿಲ ಶೆಡ್ಡಿನಲ್ಲಿ ತಾಡಪತ್ರಿಯ ಕೆಳಗೆ ಮಲಗಿದ್ದದ್ದು, ಅಪ್ಪ ತೀರಿಕೊಂಡು ವರ್ಷವಾಗುತ್ತಿದ್ದಂತೆ ಮಗಳು ಎಬ್ಬಿಸುತ್ತಿದ್ದಾಳೆ. ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರು ಬರೆಯುವ ಹುಡುಗಿ, ಭಾನುವಾರ ಬಂದರೆ ಅಪ್ಪನ ಹಳೆಯ ಅಂಗಿ ತೊಟ್ಟು ಗಾಡಿಯ ಕೆಳಗೆ ನುಗ್ಗುತ್ತಾಳೆ. ಜೊತೆಗೆ ಕೆಲಸ ಮಾಡುವ ಮಧುರಾ ಫೋಟೋ ತೆಗೆದು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಳು, ‘ಮಗಳು ಅಂದ್ರೆ ಹೀಗಿರಬೇಕು’ ಎಂದು ಬರೆದು ಮೂರು ಹೃದಯಗಳ ಸಮೇತ. ‘ಈ ಕಾರಲ್ಲೇ ನಾವು ಮಾಗೋಡಿಗೆ ಹೋಗಿದ್ದು, ನೆನಪಿದ್ಯಾ ಮಾರಾಯ್ತಿ? ಎಂತ ಮಜಾ ಬಂದಿತ್ತು ಅಲ್ದಾ!’ ಎಂದಳು. ಸ್ಫೂರ್ತಿ ನಕ್ಕಳು. ನಗುವಾಗ ಹಲ್ಲಿನ ಸಂದಿಗೆ ಲೋಹದ ರುಚಿ ಹತ್ತಿತು. ಇದೇ ಮಧುರಾ ಎಂಟನೆಯ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಎಲ್ಲರಿಗೂ ಕೇಳುವಂತೆ ‘ಏ, ಹೆಣದ ಕಾರು ಬಂತು ನೋಡ್ರೇ’ ಎನ್ನುತ್ತಿದ್ದಳು. ಅವಳಿಗೆ ಅದು ನೆನಪಿಲ್ಲ. ಮರೆಯುವವರು ಎಷ್ಟು ಹಗುರವಾಗಿ ನಡೆಯುತ್ತಾರೆ. ಅವರ ಚಪ್ಪಲಿಯ ಸದ್ದು ಕೂಡ ಬೇರೆ.

ಹೆಣದ ಕಾರು ಎನ್ನುವುದೇನೂ ಸುಳ್ಳಾಗಿರಲಿಲ್ಲ. ಅವರ ಪೈಕಿಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಗೋಡೆಗೊರಗಿಸಿ ಕೂಡ್ರಿಸುತ್ತಾರೆ. ಕೂತೇ ವಿಮಾನವೆಂಬ ಚಟ್ಟ ಏರಬೇಕು, ಕೂತೇ ಮಣ್ಣಿಗಿಳಿಯಬೇಕು, ಎಡಗೈಯಲ್ಲಿ ಲಿಂಗ ಹಿಡಿದು. ಊರಲ್ಲಿ ಸತ್ತರೆ ಸರಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಸತ್ತವರು ನೂರು ಕಿಲೋಮೀಟರು ಮಲಗಿ ಬಂದರೆ ಮಲಗಿದ ಹಾಗೇ ಸೆಟೆದುಬಿಡುತ್ತಾರೆ. ಅದಕ್ಕೇ ಬನವಾಸಿ ಸೀಮೆಯ ಹಳ್ಳಿಗಳವರೆಲ್ಲ ಅಪ್ಪನಿಗೆ ಫೋನು ಮಾಡುತ್ತಿದ್ದರು. ಬೇರೆ ಟ್ಯಾಕ್ಸಿಯವರು ಮೂಗು ಮುರಿಯುವ ಬಾಡಿಗೆ. ಅಪ್ಪ ಹಿಂದಿನ ಸೀಟಿನ ನಡುವೆ ಹೋದವರನ್ನು ಕೂಡ್ರಿಸಿ, ಎದೆಯ ಸುತ್ತ ಶಾಲು ತಂದು ಸೀಟಿಗೆ ಬಿಗಿದು, ಆಚೀಚೆ ಇಬ್ಬರು ನೆಂಟರನ್ನು ಇರಿಸಿ, ಗುಂಡಿ ಕಂಡಲ್ಲಿ ನಿಧಾನಿಸುತ್ತ ತರುತ್ತಿದ್ದ. ದಾರಿಯುದ್ದಕ್ಕೂ ಹೋದವರ ಜೊತೆ ಮಾತಾಡುತ್ತಿದ್ದನಂತೆ. ‘ತಡಸ ಬಂತ್ರಿ ಅಜ್ಜಾರ. ಮುಂಡಗೋಡ ದಾಟಿದ್ವಿ. ಇನ್ನೇನು ಮಳಗಿ. ಹಸರ ಅದಾವ ನೋಡ್ರಿ ಗದ್ದಿ.’ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಏಳು ಸಮುದ್ರ ದಾಟಿಸುವ ಅಂಬಿಗನೊಬ್ಬ ಬರುತ್ತಿದ್ದ. ಅವನು ಕೂಡ ಹೀಗೆ ಒಂದೊಂದೇ ಸಮುದ್ರದ ಹೆಸರು ಹೇಳುತ್ತಿದ್ದ. ಬೆಳಿಗ್ಗೆ ಅಪ್ಪ ಗಾಡಿಯನ್ನು ಮೂರು ಸಲ ತೊಳೆದು, ಊದಿನಕಡ್ಡಿ ಹಚ್ಚಿ, ಮುಂದಿನ ಗಾಜಿಗೆ ವಿಭೂತಿಯ ಬೆರಳೆಳೆದು, ‘ಹತ್ತವಾ, ಸಾಲಿಗೆ ಹೊತ್ತಾತು’ ಎನ್ನುತ್ತಿದ್ದ. ಅವಳು ಹತ್ತುತ್ತಿದ್ದಳು. ಕಿಟಕಿಗೆ ಅಂಟಿಕೊಂಡು ಕೂರುತ್ತಿದ್ದಳು, ನಡುವಿನ ಜಾಗ ಯಾರಿಗೋ ಬಿಟ್ಟ ಹಾಗೆ. ಅಪ್ಪ ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದ. ಸಾಲೆಯ ಗೇಟು ಇನ್ನೂ ದೂರವಿರುವಾಗಲೇ ಅವಳು ‘ಇಲ್ಲೇ ಸಾಕಪಾ’ ಎನ್ನುತ್ತಿದ್ದಳು. ದಿನದಿನಕ್ಕೆ ‘ಇಲ್ಲೇ’ ಎನ್ನುವುದು ಹಿಂದೆ ಹಿಂದೆ ಸರಿಯುತ್ತ ಕಡೆಗೆ ಬಸ್‌ಸ್ಟ್ಯಾಂಡಿನ ತನಕ ಬಂದಿತ್ತು.

‘ರೇಡಿಯೇಟರಿಗೆ ನೀರು ತರ್ತೆ’ ಎಂದು ಉಲ್ಲಾಸ ಬಾವಿಯ ಕಡೆ ಹೋದ. ಅವನ ಬೆನ್ನನ್ನು ನೋಡುತ್ತ ಅವಳಿಗೆ ನಿನ್ನೆ ಸಂಜೆ ತಿರುಗಿ ಬಂತು. ಇಂಜಿನ್ನು ಕೂಡಿಸಿ, ತಂತಿ ಜೋಡಿಸಿ, ಎರಡನೆಯ ಸಲಕ್ಕೇ ಗಾಡಿ ಎದ್ದಿತ್ತು. ಕೆಮ್ಮಿ, ಒಂದು ಮುದ್ದೆ ಬಿಳಿಹೊಗೆ ಉಗುಳಿ, ಆಮೇಲೆ ಅದೇ ಹಳೆಯ ದನಿ, ಬೆಲ್ಲದ ಪಾಕ ಕುದಿಯುವಂಥ ದನಿ. ಅವಳು ಬೆಚ್ಚಿ ಹಿಂದೆ ಸರಿದಿದ್ದಳು. ಉಲ್ಲಾಸ ಹೆಮ್ಮೆಯಿಂದ ಬಾನೆಟ್ಟು ತಟ್ಟಿದ. ‘ಏಳದೆ ಎಂತ ಮಾಡ್ತದೆ? ಒಂದೊಂದು ಸಿಲಿಂಡರಿಗೂ ಎಣ್ಣೆ ಹೊಯ್ದು, ಬಾಯಿಗೆ ಬಟ್ಟೆ ತುರುಕಿ, ತಮ್ಮ ಧೋತ್ರ ಸುತ್ತಿ ಇಟ್ಟಿದ್ರು ಶಂಕ್ರಣ್ಣ. ಕೂಸಿನ ಸುತ್ತಿದ ಹಂಗೆ.’ ಅವಳು ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಏನೋ ಹವಾಮಾನದ ಮಾತಿನಂತೆ ಕೇಳಿದ್ದಳು. ‘ಅವಾಗ ಎಂತ ಆಗಿತ್ತು ಉಲ್ಲಾಸಣ್ಣ ಇದಕ್ಕೆ? ಯಾಕೆ ಇಂಜಿನ್ ಬಿಚ್ಚಿ ಇಳಿಸಿದ್ರು?’ ‘ಎಂತ ಆಗಿತ್ತು ಅಂದ್ರೆ? ಎಂತದೂ ಆಗಿರ್ಲಿಲ್ಲ! ಚೈನ್ ಕಟ್ಟಿ ಎಳೆಯಕ್ಕೆ ನಾನೇ ಇದ್ದೆ ಅಲ್ರಾ ಅವತ್ತು. ಸೋಮವಾರ. ಟ್ಯಾಕ್ಸಿ ಸ್ಟ್ಯಾಂಡಿಂದ ಬಂದವ್ರು ಅಂಗಿ ಕೂಡ ಬಿಚ್ಚಿರ್ಲಿಲ್ಲ, ಇಳಿಸು ಅಂದ್ರು. ಎಂತಕ್ಕೆ ಮಾರಾಯ್ರೇ, ಇಷ್ಟು ಚಂದ ಓಡೋ ಗಾಡೀನ ಅಂತ ಕೇಳ್ದೆ. “ಇಳಿಸೇವಿ ಅಂತ ಹೇಳಿ ಆಗೇತೋ ಉಲ್ಲಾಸ, ಇಳಿಸಬೇಕು” ಅಂದ್ರು. ಯಾರಿಗೆ ಹೇಳಿದ್ರೋ, ಎಂತ ಕತೆಯೋ. ಆಮೇಲೆ ಮತ್ತೆ ಕೂಡಿಸ್ಲೇ ಇಲ್ಲ ನೋಡಿ ಪುಣ್ಯಾತ್ಮ. ಬೇರೆಯವರ ಜೀಪು ಹೊಡೀತಾ ಜೀವ ಸವೆಸಿದ್ರು.’

ಬೇರೆಯವರ ಜೀಪು. ಮಂಚಿಕೇರಿಯ ಸಾಹುಕಾರರೊಬ್ಬರ ಜೀಪು ಅದು. ಅವರ ಹೆಂಡತಿ ಪೇಟೆಗೆ ಬಂದಾಗ ಅಪ್ಪ ಕೈಚೀಲ ಹಿಡಿದು ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದನ್ನು ಅವಳು ಎರಡು ಸಲ ಕಂಡಿದ್ದಳು. ಎರಡೂ ಸಲ ರಸ್ತೆ ದಾಟಿ ಆಚೆ ಹೋಗಿದ್ದಳು.

ಇಪ್ಪತ್ತೆರಡು ವರ್ಷದ ಹಿಂದೆ, ಇಂಜಿನ್ನು ಇಳಿಯುವ ಎರಡು ದಿನ ಮುಂಚೆ, ಅವತ್ತು ಶನಿವಾರ. ಮರುದಿನ ಅಪ್ಪ ಅವಳನ್ನೂ ಮೂವರು ಗೆಳತಿಯರನ್ನೂ ಮಾಗೋಡು ಜಲಪಾತಕ್ಕೆ ಕರೆದೊಯ್ಯುತ್ತೇನೆ ಎಂದಿದ್ದ. ಮಧುರಾಳನ್ನು ಒಪ್ಪಿಸಲು ಒಂದು ವಾರ ಹಿಡಿದಿತ್ತು. ‘ಹಿಂದಿನ ದಿನ ಯಾರನ್ನೂ ತಂದಿರಬಾರ್ದು, ಹಾಂ. ತಂದಿದ್ರೆ ಬರೋದಿಲ್ಲ’ ಎಂದು ಅವಳು ಕರಾರು ಹಾಕಿದ್ದಳು. ದೀಪ ಹಚ್ಚುವ ಹೊತ್ತು, ಅಪ್ಪ ಒಳಗೆ ಪೂಜೆಗೆ ಕೂತಿದ್ದ. ಎಡ ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಫೋನು ರಿಂಗಾಯಿತು. ‘ಶಂಕ್ರಣ್ಣ ಅದಾನೇನು ತಂಗಿ? ಹುಬ್ಬಳ್ಳಿ ದವಾಖಾನಿಯಿಂದ ಮಾತಾಡಾಕತ್ತೇನಿ, ಅಂಡಗಿ ರವೀಂದ್ರ. ನಮ್ಮಪ್ಪ ತೀರಿಕೊಂಡ. ಗಾಡಿ ಬೇಕಾಗಿತ್ತು.’ ಹತ್ತು ಹೆಜ್ಜೆ ಆಚೆಗೆ ಅಪ್ಪನ ಬೆನ್ನು ಕಾಣುತ್ತಿತ್ತು, ಬೆನ್ನಿನ ಮೇಲೆ ಮೂರೆಳೆ ವಿಭೂತಿ. ‘ಗಾಡಿ ಇಲ್ರಿ. ಇಂಜಿನ್ ಇಳಿಸ್ಯಾರ.’ ಎಷ್ಟು ಸಲೀಸಾಗಿ ಬಂತು ಮಾತು! ಅಪ್ಪ ಬೇರೆಯವರ ಗಾಡಿಯ ಬಗ್ಗೆ ಹಾಗೆ ಹೇಳುವುದನ್ನು ಕೇಳಿದ್ದಳಷ್ಟೆ. ಇಂಜಿನ್ನು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆಂದೂ ಅವಳಿಗೆ ಗೊತ್ತಿರಲಿಲ್ಲ. ಆಚೆ ಕಡೆಯಿಂದ, ‘ಹೌದೇನು... ಇರ್ಲಿ ಬಿಡು ತಂಗಿ.’ ಬೈದಿದ್ದರೆ ಆಗುತ್ತಿತ್ತು. ಆ ‘ಇರ್ಲಿ ಬಿಡು’ ಇವತ್ತಿಗೂ ಕಿವಿಯಲ್ಲಿ ಕೂತಿದೆ, ಎಷ್ಟು ಮರ್ಯಾದೆಯಿಂದ ಹೇಳಿದ್ದ. ‘ಯಾರದವಾ ಫೋನು?’ ಎಂದ ಅಪ್ಪ ಕಣ್ಣು ತೆರೆಯದೆ. ‘ರಾಂಗ್ ನಂಬರಪಾ.’

ಮರುದಿನ ಬೆಳಿಗ್ಗೆ ಕಾರು ಹತ್ತುವ ಮುಂಚೆ ಮಧುರಾ ಪಿಸುಗುಟ್ಟಿದಳು, ‘ನಿನ್ನೆ ಯಾರೂ ಇಲ್ಲ ಅಲ್ದನೇ?’ ‘ಇಲ್ಲ’ ಎಂದಳು ಸ್ಫೂರ್ತಿ. ಅದೊಂದು ನಿಜ. ಮಧುರಾ ನಡುವೆ ಕೂತಳು. ದಾರಿಯಲ್ಲಿ ಅಪ್ಪ ಮಂಚಿಕೇರಿಯಲ್ಲಿ ನಿಲ್ಲಿಸಿ ಎಲ್ಲರಿಗೂ ಅವಲಕ್ಕಿ ಚಾ ಕೊಡಿಸಿದ, ಹುಡುಗಿಯರು ಹಾಡಿದರು, ಅಪ್ಪ ಸ್ಟೇರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕಿದ. ಮಾಗೋಡಿನಲ್ಲಿ ನೀರು ಎರಡು ಸಲ ಬೀಳುತ್ತಿತ್ತು, ಒಮ್ಮೆ ಬಿದ್ದದ್ದು ಸಾಲದೆಂಬಂತೆ ಮತ್ತೊಮ್ಮೆ. ಅಪ್ಪ ತುಸು ದೂರ, ಕಟ್ಟೆಯ ಪಕ್ಕ, ನೀರಿನ ಬಾಟಲಿಗಳನ್ನು ಕಾಯುತ್ತ ನಿಂತಿದ್ದ. ‘ನಿಮ್ಮಪ್ಪನ್ನೂ ಕರಿಯೇ, ಫೋಟೋಕ್ಕೆ’ ಎಂದಳು ಒಬ್ಬಳು. ‘ಅವರಿಗೆ ಫೋಟೋ ಸೇರೂದಿಲ್ಲ’ ಎಂದಳು ಇವಳು. ಇದೂ ಸುಳ್ಳು, ಒಮ್ಮೆ ಬಾಗಿಲು ತೆರೆದ ಮೇಲೆ ಒಂದೊಂದೇ ಒಳಗೆ ಬರುತ್ತಲೇ ಇದ್ದವು. ಆ ಹೊತ್ತಿಗೆ ಅಂಡಗಿಯಲ್ಲಿ ಏನು ನಡೆದಿರಬೇಕೆಂದು ಅವಳು ಆಮೇಲೆ ಎಷ್ಟು ಸಲ ಹೊತ್ತು ಹೊಂದಿಸಿ ನೋಡಿದ್ದಾಳೆ. ಅವಲಕ್ಕಿ ತಿನ್ನುವಾಗ ಸೆಟೆದ ಮೈಗೆ ಬಿಸಿನೀರು ಹೊಯ್ಯುತ್ತಿದ್ದರೇ? ಹಾಡುವಾಗ ಎಣ್ಣೆ ತಿಕ್ಕುತ್ತಿದ್ದರೇ? ಮೊದಲ ನೀರು ಎರಡನೆಯದಕ್ಕೆ ಬೀಳುವುದನ್ನು ಅವಳು ಬಾಯಿ ಬಿಟ್ಟು ನೋಡುತ್ತಿದ್ದಾಗಲೇ ಆ ಸದ್ದು ಬಂತೇ?

ಅದು ಅವಳಿಗೆ ತಿಳಿದದ್ದು ಗುರುವಾರ. ಸೋಮವಾರವೇ ಸಾಲೆಯಿಂದ ಬಂದಾಗ ಹಿತ್ತಿಲಲ್ಲಿ ಇಂಜಿನ್ನು ಸರಪಳಿಯಿಂದ ತೂಗುತ್ತಿತ್ತು. ‘ಮಾಗೋಡಿಂದ ಬರೂ ಮುಂದ ಏನೋ ಸದ್ದು ಬಂತವಾ’ ಎಂದಿದ್ದ ಅಪ್ಪ, ಅವಳ ಮುಖ ನೋಡದೆ. ಅಜ್ಜಿಯ ಕತೆಯೊಂದರಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತ ಹುಡುಗಿಯೊಬ್ಬಳು, ಬಾಯಾರಿ ಬಂದ ಮುದುಕನಿಗೆ, ಹಗ್ಗವನ್ನು ಸೆರಗಿನಡಿ ಅಡಗಿಸಿ ‘ಹಗ್ಗ ಇಲ್ಲಜ್ಜ’ ಎಂದುಬಿಡುತ್ತಾಳೆ. ಅವತ್ತಿನಿಂದ ಅವಳು ಮುಟ್ಟಿದ ಹಗ್ಗವೆಲ್ಲ ಹರಿಯುತ್ತದೆ. ತೊಟ್ಟಿಲ ಹಗ್ಗ ಹರಿಯುತ್ತದೆ, ಕರು ಕಟ್ಟಿದ ಹಗ್ಗ ಹರಿಯುತ್ತದೆ, ಕಡೆಗೆ ಮದುವೆಯಲ್ಲಿ ಕೊರಳಿಗೆ ಬಂದ ದಾರವೂ ಕೂಡ. ತನ್ನ ನಾಲಗೆಯೇ ಇಂಜಿನ್ನು ಇಳಿಸಿತು ಎಂದು ಸ್ಫೂರ್ತಿ ನಂಬಿದಳು. ಬೆಳೆದ ಮೇಲೆ ನಂಬಿಕೆ ಹೋಯಿತು. ಆದರೆ ಅದರ ಜಾಗ ಖಾಲಿಯೇ ಇತ್ತು, ಕಾಕತಾಳೀಯ ಎಂಬ ಪದವನ್ನು ತಂದು ಅಲ್ಲಿ ಕೂಡ್ರಿಸಿದ್ದಳು. ಅದರಲ್ಲೊಂದು ಸಮಾಧಾನವಿತ್ತು ಎಂದು ನಿನ್ನೆಯೇ ಅವಳಿಗೆ ಗೊತ್ತಾದದ್ದು. ನಾಲಗೆಯ ಶಾಪವಾದರೆ ಅಪ್ಪನಿಗೆ ಏನೂ ಗೊತ್ತಿರಲಿಲ್ಲ ಎಂದಾಯಿತು. ಅಪ್ಪನಿಗೆ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಯಾರೋ ‘ಏನೋ ಶಂಕ್ರಪ್ಪ, ಇಂಜಿನ್ ಇಳಿಸಿದ್ಯಂತ, ನಿನ್ನ ಮಗಳು ಹೇಳಿದ್ಲಂತ’ ಎಂದಿರಬೇಕು. ಆ ಕ್ಷಣದಲ್ಲಿ ಅಪ್ಪನ ಮುಖ ಹೇಗಿತ್ತು? ಅದನ್ನು ಊಹಿಸಲು ಹೋದರೆ ಮುಖ ಸಿಗುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ.

ಗುರುವಾರ ಪಾರ್ವತವ್ವ ಮಗನೊಂದಿಗೆ ಬಂದಿದ್ದಳು. ಸ್ಫೂರ್ತಿಯೇ ಚಾ ತಂದುಕೊಟ್ಟದ್ದು. ಪಾರ್ವತವ್ವ ಅಳುತ್ತಿರಲಿಲ್ಲ, ಸಂತೆಗೆ ಹೋಗಿಬಂದ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು. ಗಾಡಿ ಸಿಗಲಿಲ್ಲ, ಉಳ್ಳಾಗಡ್ಡಿಯ ಟೆಂಪೋ ಸಿಕ್ಕಿತು, ಚೀಲಗಳ ಮೇಲೆ ಮಲಗಿಸಿ ತಂದರು. ಅದು ನಡುವೆ ಕೆಟ್ಟು ನಿಂತು ಬೆಳಗಾಯಿತು. ‘ಕಟಗಿ ಆಗಿದ್ರೋ ಶಂಕ್ರಣ್ಣ ನಮ್ಮನಿಯವರು. ಬಿಸಿನೀರು ಹೊಯ್ದ್ವಿ, ಎಣ್ಣಿ ತಿಕ್ಕಿದ್ವಿ. ಮಡಚಲಿಲ್ಲ. ಮಠದ ಅಯ್ನೋರು ಅಂದ್ರು, ಕುಂಡ್ರಿಸಲೇಬೇಕು, ಏನ ಮಾಡಾಕಾಗತೈತಿ. ನನ್ನ ಒಳಗ ಕಳಿಸಿದ್ರು. ಒಳಗ ಹೋದ್ರ ಏನಾತು, ಕೇಳಸಲಾರದೇನು ಮೊಣಕಾಲು ಮುರದದ್ದು?’ ಸ್ಫೂರ್ತಿಯ ಕೈಯಲ್ಲಿ ಚಾದ ತಟ್ಟೆ ಇತ್ತು. ಅಪ್ಪ ಎದ್ದು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಇಂಜಿನ್ನು ತೋರಿಸಿದ. ‘ಇಳಿಸೇನಿ ಪಾರ್ವತಕ್ಕ’ ಎಂದ. ಯಾವಾಗ ಎನ್ನಲಿಲ್ಲ. ಪಾರ್ವತವ್ವ ಎಣ್ಣೆಯ ಜಿಡ್ಡು ಲೆಕ್ಕಿಸದೆ ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ‘ಗಾಡೀನ ಕೆಟ್ಟಿತ್ತಂದ್ರ ನೀ ಏನ ಮಾಡ್ತಿ. ನೀ ಇಲ್ಲ ಅನ್ನಾಂವಲ್ಲ ಅಂತ ನನಗ ಗೊತ್ತಿಲ್ಲೇನು? ಅವರ ಹಣೇಬರ.’

ಇವತ್ತಿನ ಬಸ್ಸು ಅರ್ಧ ತಾಸು ತಡವಾಗಿತ್ತು. ಪಾರ್ವತವ್ವ ಗೇಟಿನಿಂದಲೇ ಮಾತು ಶುರುಮಾಡಿದಳು. ಎಂಬತ್ತರ ಹತ್ತಿರದವಳು, ಕೋಲಿಲ್ಲ, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಿಂದ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಮುಟ್ಟಿಕೊಂಡು ಬರುತ್ತಿದ್ದಳು. ಗೇಟು, ತುಳಸಿಯ ಕಟ್ಟೆ, ಒಣಹಾಕಿದ ಸೀರೆ. ‘ಎಷ್ಟ ಸೊರಗೀಯವಾ! ಅಪ್ಪನ ಅಂಗಿ ಹಾಕ್ಕೊಂಡ್ರ ಅಪ್ಪ ಆಗ್ತೀಯೇನು?’ ‘ಬರ್ರಿ ಆಯಿ, ಕುಂಡ್ರಿ, ಚಾ ಮಾಡ್ತೇನಿ.’ ‘ಚಾ ಕುಡಿಯಾಕ ನಾ ಶಿರಸಿ ತನಕ ಬರಬೇಕೇನು? ಎಲ್ಲಿ ಐತಿ, ತೋರ್ಸು.’ ಕಾರಿನ ಮುಂದೆ ನಿಂತು ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಹಿರಿಯರ ಎದುರು ನಿಂತ ಹಾಗೆ. ಬಣ್ಣ ಕಳೆದು, ಕೆಂಪು ಪ್ರೈಮರಿನ ತೇಪೆಗಳಲ್ಲಿ ಗಾಡಿ ಸುಟ್ಟಗಾಯ ಮಾಯುತ್ತಿರುವ ಮೈಯ ಹಾಗಿತ್ತು. ‘ಯಾವ ಬಣ್ಣ ಹೊಡಸ್ತಿ?’ ಎಂದಳು. ಸ್ಫೂರ್ತಿ ಇನ್ನೂ ಗೊತ್ತಿಲ್ಲವೆಂದಳು. ‘ಮೊದಲಿಂದನ ಹೊಡಸು. ಬ್ಯಾರೇದು ಹೊಡಿಸಿದ್ರ ನಮಗ ಗುರುತ ಹೆಂಗ ಸಿಗಬೇಕು?’ ಉಲ್ಲಾಸ ಹಲ್ಲು ಬಿಟ್ಟು ನಕ್ಕು ಹಿಂಬಾಗಿಲು ತೆರೆದುಕೊಟ್ಟ. ಒಳಗಿನ ಹಿಡಿಕೆ ಇನ್ನೂ ಹಾಕಿರಲಿಲ್ಲ. ‘ಹುಷಾರಿ ಅಮ್ಮ, ತಲೆ ಬಗ್ಗಸಿ.’ ಪಾರ್ವತವ್ವ ಹತ್ತಿದಳು. ಹತ್ತಿ, ಕೈಗಳನ್ನೂರಿ ಜರುಗುತ್ತ ಜರುಗುತ್ತ ಸರಿಯಾಗಿ ನಡುವಿಗೆ ಹೋಗಿ ಕೂತಳು. ಉಲ್ಲಾಸ ಬಾಗಿಲು ಹಾಕಿ, ಕೈ ತೊಳೆಯಲು ಬಾವಿಯ ಕಡೆ ಹೋದ.

‘ನೀನೂ ಕುಂಡ್ರವಾ, ಅಪ್ಪನ ಜಾಗಾದಾಗ.’ ಸ್ಫೂರ್ತಿ ಮುಂದೆ ಕೂತಳು. ಕನ್ನಡಿಯಲ್ಲಿ ಮುದುಕಿಯ ಹಣೆ, ವಿಭೂತಿ, ಒಂದು ಕಣ್ಣು. ಪಾರ್ವತವ್ವ ಚೀಲದಿಂದ ಮಡಚಿದ ಶಾಲೊಂದನ್ನು ತೆಗೆದು ಮುಂದಿನ ಸೀಟಿನ ಬೆನ್ನಿನ ಮೇಲೆ, ಸ್ಫೂರ್ತಿಯ ಹೆಗಲ ಪಕ್ಕಕ್ಕೆ ಇಟ್ಟಳು. ಹೊಸದು, ಅಂಗಡಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ‘ಇದನ್ನ ನಿನ್ನ ಹಂತೇಲೆ ಇಟಗೋ. ನಿಮ್ಮಪ್ಪನ ಶಾಲು ಹಳೇದಾಗಿರತೈತಿ, ಹರಕೊಂಡ್ರ ನಾ ಮುಗ್ಗರಿಸಬೇಕಾಗತೈತಿ.’ ‘ಯಾಕ್ರಿ ಆಯಿ?’ ‘ಯಾಕಂತಾಳ ನೋಡು. ಬರೂ ಸೋಮವಾರ ಹುಬ್ಬಳ್ಳಿ ದವಾಖಾನಿಗೆ ಸೇರಸ್ತಾರ ನನ್ನ. ಎದಿ ಕೊಯ್ತಾರಂತ. ಹೋಗೂ ಮುಂದ ಬಸ್ಸಿಗೆ ಹೋಕ್ಕೇನಿ. ಬರೂ ಮುಂದ ನನಗ ಈ ಗಾಡಿನ ಬೇಕು. ಬದುಕಿದ್ರ ಬ್ಯಾಡ, ಬದುಕಿದ್ರ ಬಸ್ಸ ಐತಿ.’ ನಕ್ಕಳು. ಹಲ್ಲಿಲ್ಲದ, ಪೂರ್ತಿ ತೆರೆದ ನಗು. ‘ಅವರ್ನ ಮಲಗಿಸಿ ತಂದ್ರು. ನಾನರ ಕುಂತ ಬರಬೇಕಲ್ಲವಾ. ನಿಮ್ಮಪ್ಪ ಇದ್ದಿದ್ರ ಕೇಳಬೇಕಾಗಿರಲಿಲ್ಲ. ಚಾಲೂ ಮಾಡು ನೋಡೂಣು, ಸದ್ದ ಹಂಗ ಐತೋ ಇಲ್ಲೋ.’

ಸ್ಫೂರ್ತಿ ಚಾವಿ ತಿರುಗಿಸಿದಳು. ಬೆಲ್ಲದ ಪಾಕ ಕುದಿಯಿತು. ಪಾರ್ವತವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು. ಆ ಮೊಣಕಾಲುಗಳು, ಸೀರೆಯ ಕೆಳಗೆ, ಹಕ್ಕಿಯ ತಲೆಗಳಷ್ಟು ಸಣ್ಣವು. ಹೇಳದಿರಬಹುದು ಎಂದು ಸ್ಫೂರ್ತಿಗೆ ಅನ್ನಿಸಿತು. ‘ಆಗ್ಲಿ ಆಯಿ’ ಎಂದು ಶಾಲು ತೆಗೆದುಕೊಂಡರೆ ಮುಗಿಯಿತು. ಆದರೆ ಈ ನಂಬಿಕೆಯನ್ನು ಹೆಗಲ ಪಕ್ಕದಲ್ಲಿಟ್ಟುಕೊಂಡು ಸೋಮವಾರದ ತನಕ ಉಸಿರಾಡುವುದು ಹೇಗೆ? ಯಾರಾದರೂ ಬೈಯಬೇಕು ತನ್ನನ್ನು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಬೈಯಲಿಲ್ಲ, ಅಪ್ಪನೂ ಕೂಡ, ಎಲ್ಲರೂ ಮಗಳು ಅಂದರೆ ಹೀಗಿರಬೇಕು ಎನ್ನುವವರೇ. ಅವಳು ಇಂಜಿನ್ನು ಆರಿಸಿದಳು. ಆರಿದ ಮೇಲೂ ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು.

‘ಆಯಿ, ಅವತ್ತು ರವೀಂದ್ರಣ್ಣ ಫೋನ್ ಮಾಡಿದಾಗ ಎತ್ತಿದಾಕಿ ನಾನು. ಇಂಜಿನ್ ಇಳಿಸಿರಲಿಲ್ರಿ. ಗಾಡಿ ಚಲೋ ಇತ್ತು. ಮರುದಿನ ಗೆಳತ್ಯಾರನ್ನ ಕರ್ಕೊಂಡ ಮಾಗೋಡಿಗೆ ಹೋಗೂದಿತ್ತು ನಮಗ. ಹಿಂದಿನ ದಿನ ಹೋದವರನ್ನ ತಂದ ಗಾಡಿ ಅಂದ್ರ ಅವರು ಹತ್ತತಿರಲಿಲ್ಲ. ಅದಕ್ಕ ಸುಳ್ಳ ಹೇಳಿದೆ. ಅಪ್ಪಗ ಗೊತ್ತಿರ್ಲಿಲ್ಲ. ಗೊತ್ತಾದ ಮ್ಯಾಲೆ ಇಳಿಸಿದ.’

ಎಷ್ಟು ಸಣ್ಣದಿತ್ತು ಅದು, ಹೊರಗೆ ಬಂದ ಮೇಲೆ. ಒಂದು ಉಸಿರಿನಷ್ಟು. ಒಳಗೊಂದು ಗಂಟು ಸಡಿಲಾದದ್ದು ಅವಳಿಗೆ ತಿಳಿಯಿತು, ಸಡಿಲಾದ ಸುಖವೂ ತಿಳಿಯಿತು, ಆ ಸುಖಕ್ಕೆ ನಾಚಿಕೆಯಾಗುವ ಮೊದಲು ಕನ್ನಡಿಯನ್ನು ನೋಡಿದಳು. ಪಾರ್ವತವ್ವ ಕಣ್ಣು ತೆರೆದಿದ್ದಳು. ಅದರಲ್ಲಿ ಸಿಟ್ಟಿರಲಿಲ್ಲ. ಮರೆತುಹೋದ ಯಾವುದೋ ವಸ್ತುವನ್ನು ಎಲ್ಲಿಟ್ಟೆನೆಂದು ಹುಡುಕುವವಳ ಹಾಗೆ ಅವಳು ತನ್ನೆದುರಿನ ಗಾಳಿಯನ್ನು ನೋಡುತ್ತಿದ್ದಳು.

‘ಹಂಗಾರ, ಗಾಡಿ ಬರಬಹುದಾಗಿತ್ತು.’

ಆಗ ಸ್ಫೂರ್ತಿಗೆ ಕಂಡಿತು. ಅಪ್ಪ ಇಂಜಿನ್ನು ಇಳಿಸಿದ್ದು ಮಗಳ ಮಾನಕ್ಕೆ ಮಾತ್ರವಲ್ಲ. ಗಾಡಿ ಬರಲಾರದಾಗಿತ್ತು, ಹಣೆಬರಹ, ಯಾರೇನು ಮಾಡುವುದು ಎಂಬ ಆ ಒಂದು ಗೋಡೆಯನ್ನು ಪಾರ್ವತವ್ವನಿಗೆ ಒರಗಿ ಕೂರಲು ಅವನು ಕಟ್ಟಿಕೊಟ್ಟಿದ್ದ. ಅದಕ್ಕಾಗಿಯೇ ತಿರುಗಿ ಕೂಡಿಸಲಿಲ್ಲ. ಗಾಡಿ ಮತ್ತೆ ಓಡಾಡಿದ್ದರೆ ಅವಳು ಒಂದು ದಿನ ಕೇಳಿಯಾಳಲ್ಲ, ಇಷ್ಟು ಬೇಗ ಆಗುವಂಥದ್ದಾದರೆ ಅವತ್ತೇ ಆಗುತ್ತಿರಲಿಲ್ಲವೇ ಎಂದು. ಮಂಚಿಕೇರಿಯ ಜೀಪು, ಕೈಚೀಲ, ಅಂಗಡಿಯ ಮೆಟ್ಟಿಲು, ಎಲ್ಲ ಆ ಗೋಡೆಯ ಕಲ್ಲುಗಳು. ತನ್ನ ಹಗುರಕ್ಕಾಗಿ ತಾನೀಗ ಅದನ್ನು ಕೆಡವಿದ್ದಳು, ಎದೆ ಕೊಯ್ಯಿಸಿಕೊಳ್ಳಲು ಹೊರಟವಳ ಬೆನ್ನ ಹಿಂದಿನಿಂದ.

‘ಬಾಗಲಾ ತಗಿ’ ಎನ್ನುತ್ತಾಳೆ, ಶಾಲು ಎತ್ತಿಕೊಂಡು ಇಳಿದುಹೋಗುತ್ತಾಳೆ ಎಂದುಕೊಂಡಳು. ಪಾರ್ವತವ್ವ ಹಾಗೆನ್ನಲಿಲ್ಲ. ಶಾಲನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ‘ಹೊಡಿ’ ಎಂದಳು.

‘ಏನ್ರಿ?’

‘ಗಾಡಿ ಚಲೋ ಐತಲ್ಲ. ಹೊಡಿ. ಊರ ಮಟ ಬಿಡು ನನ್ನ. ಸಾಯೂತನಕ ಯಾಕ ಕಾಯಲಿ, ಈಗ ಹೋಗೂಣು. ಮನಿ ಮುಂದ ಈ ಗಾಡಿ ನಿಂದರೂದನ್ನ ನಾ ನೋಡಬೇಕು.’

ಸ್ಫೂರ್ತಿಯ ಕೈ ಚಾವಿಗೆ ಹೋಯಿತು, ಅಲ್ಲೇ ನಿಂತಿತು. ಇಡೀ ಜೀವಮಾನದಲ್ಲಿ ಅವಳಿಗೆ ಏನನ್ನಾದರೂ ‘ಹೂಂ’ ಎನ್ನಬೇಕೆಂದು ಇಷ್ಟು ತೀವ್ರವಾಗಿ ಅನ್ನಿಸಿರಲಿಲ್ಲ. ಎದುರಿಗೆ ಗೇಟು ತೆರೆದೇ ಇತ್ತು. ಗೇಟಿನಾಚೆ ಬನವಾಸಿಯ ರಸ್ತೆ, ರಸ್ತೆಯ ಇಳಿಜಾರು. ‘ಆಯಿ,’ ಎಂದಳು. ಚಾವಿಯಿಂದ ಕೈ ತೆಗೆದಳು. ‘ಆಯಿ, ಬ್ರೇಕ್ ಬಿಚ್ಚೇವ್ರಿ. ಇನ್ನೂ ಕೂಡಿಸಿಲ್ಲ. ಗಾಡಿ ಇವತ್ತ ಹೋಗೂದಿಲ್ಲ.’

ಹೇಳುತ್ತಿರುವಾಗಲೇ ಅವಳಿಗೆ ತನ್ನ ದನಿ ಕೇಳಿಸಿತು. ಹದಿಮೂರು ವರ್ಷದ ದನಿ. ಅದೇ ಸಲೀಸು, ಅದೇ ‘ಇಲ್ರಿ’. ಒಂದೊಂದು ಅಕ್ಷರವೂ ನಿಜವಾಗಿತ್ತು, ಒಂದೊಂದು ಅಕ್ಷರವೂ ಸುಳ್ಳಿನ ಬಟ್ಟೆ ತೊಟ್ಟು ಬಂದು ನಿಂತಿತ್ತು.

‘ಹೌದೇನು’ ಎಂದಳು ಪಾರ್ವತವ್ವ. ಅವಳ ಮಗ ಆಸ್ಪತ್ರೆಯಿಂದ ಅಂದ ಹಾಗೆಯೇ. ‘ಇರ್ಲಿ ಬಿಡು’ ಎಂಬುದು ಮಾತ್ರ ಬರಲಿಲ್ಲ. ಕನ್ನಡಿಯಿಂದ ಕಣ್ಣು ಕಿತ್ತು ಅವಳು ಕಿಟಕಿಯತ್ತ ಹೊರಳಿದಳು. ಬಾವಿಯ ಕಡೆಯಿಂದ ಉಲ್ಲಾಸ ಕೈ ಒರಸಿಕೊಳ್ಳುತ್ತ ಬರುತ್ತಿದ್ದ.

‘ಏ ತಮ್ಮಾ, ಇಲ್ಲಿ ಬಾ. ಗಾಡಿ ಹೋಗೂದಿಲ್ಲ ಅಂತಾಳಲ್ಲ ಈಕಿ. ಖರೇ ಏನೋ?’

ಸ್ಫೂರ್ತಿ ಬಾಗಿಲು ನೂಕಿ ಇಳಿದಳು. ಯಾಕೆ ಇಳಿದಳೆಂದು ಅವಳಿಗೇ ತಿಳಿಯಲಿಲ್ಲ. ಕಾಲುಗಳು ಕರೆದುಕೊಂಡು ಹೋದವು. ಬೋಗುಣಿಯ ಮುಂದೆ ಮೊಣಕಾಲೂರಿ ತೋಳಿನ ತನಕ ಸೀಮೆಎಣ್ಣೆಯಲ್ಲಿ ಕೈ ಅದ್ದಿದಳು. ಕಮಾನಿನ ಹಾಗೆ ಬಾಗಿದ ಬ್ರೇಕಿನ ಪಟ್ಟಿಗಳು, ಸ್ಪ್ರಿಂಗುಗಳು, ಸಣ್ಣ ಸಿಲಿಂಡರು, ಸಿಕ್ಕಿದ್ದನ್ನೆಲ್ಲ ಬಾಚಿ ಎತ್ತಿ, ಕಪ್ಪು ನೀರು ಅಪ್ಪನ ಅಂಗಿಯ ಮೇಲೆ ಸುರಿಯುತ್ತಿರಲು, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಕಿಟಕಿಯ ಎದುರು ನಿಂತಳು. ‘ನೋಡ್ರಿ ಆಯಿ,’ ಎಂದಳು, ‘ಇಲ್ಲೇ ಅದಾವು ನೋಡ್ರಿ.’

ಪಾರ್ವತವ್ವ ಅವಳ ಕೈ ನೋಡಲಿಲ್ಲ. ಶಾಲನ್ನು ಎದೆಗೊತ್ತಿಕೊಂಡು, ಉಲ್ಲಾಸ ಏನೆನ್ನುತ್ತಾನೋ ಎಂದು ಅವನ ಬಾಯನ್ನೇ ನೋಡುತ್ತಿದ್ದಳು.